ಕದ ತೆರೆದವರು ಯಾರು?

ಮೊದಲು ಪೆಟ್ಟಿಗೆಯ ಎಡಗಡೆಯ ಕದ ತೆರೆಯುತ್ತಿದ್ದರು. ಒಳಗೆ ಹಲ್ಲುಗಾಲಿಗಳು, ಉರುಳೆಗಳು, ಸನ್ನೆಕೋಲುಗಳು ಒತ್ತೊತ್ತಾಗಿ ತುಂಬಿರುತ್ತಿದ್ದವು. ಆ ಕದದ ನೇರಕ್ಕೆ ಹಿಂಬದಿಯಲ್ಲಿ ಇನ್ನೊಂದು ಕಿರುಬಾಗಿಲು. ಅದನ್ನೂ ತೆರೆದು ಹಿಂದಿನಿಂದ ಉರಿಯುವ ಮೇಣದಬತ್ತಿ ಹಿಡಿದರೆ ಗಾಲಿಗಳ ಸಂದಿಯಿಂದ ಬೆಳಕು ತೂರಿಬಂದು ಮುಂದೆ ಕುಳಿತವರ ಕಣ್ಣಿಗೆ ಬೀಳುತ್ತಿತ್ತು. ಇಷ್ಟಾದ ಮೇಲೆ ಹಿಂಬಾಗಿಲಿಗೆ ಬೀಗ. ತಳದ ಉದ್ದನೆಯ ಡ್ರಾಯರ್ ಎಳೆದು ಅದರಿಂದ ಚದುರಂಗದ ಕೆಂಪು, ಬಿಳಿ ದಂತದ ಕಾಯಿಗಳನ್ನು ತೆಗೆದಿಡುತ್ತಿದ್ದರು. ಕೊನೆಗೆ ಬಲಗಡೆಯ ದೊಡ್ಡ ಖಾನೆ: ಅಲ್ಲೊಂದು ಮೆತ್ತೆ, ಒಂದಿಷ್ಟು ಹಿತ್ತಾಳೆಯ ಸಾಮಾನು, ಉಳಿದದ್ದು ಖಾಲಿ. ಕದಗಳು ತೆರೆದಿರುವಂತೆಯೇ ಪೆಟ್ಟಿಗೆಯನ್ನು ಗಾಲಿಗಳ ಮೇಲೆ ಸುತ್ತ ತಿರುಗಿಸಿ, ಹಿಂದೆ ಕೂರಿಸಿದ್ದ ಮುಂಡಾಸಿನ ಬೊಂಬೆಯ ನಿಲುವಂಗಿಯನ್ನೂ ಎತ್ತಿ ತೋರಿಸುತ್ತಿದ್ದರು. ಒಳಗೆ ಯಾರೂ ಇಲ್ಲ ಎಂದು ಸಭೆಗೆ ಖಾತ್ರಿಯಾದ ಮೇಲೆ ಕೀಲಿ ಕೊಟ್ಟು ಆಟ ಶುರು. ಬೊಂಬೆ ಎಡಗೈ ಚಾಚಿ ಕಾಯಿ ನಡೆಸುತ್ತಿತ್ತು. ಹೆಚ್ಚಿನ ಸಲ ಗೆಲ್ಲುತ್ತಿತ್ತು.

ಇದನ್ನು ಕಟ್ಟಿದವನು ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್. ಇಂದಿನ ಬ್ರಾಟಿಸ್ಲಾವಾದಲ್ಲಿ, ಅಂದರೆ ಆಗಿನ ಪ್ರೆಸ್‌ಬರ್ಗ್‌ನಲ್ಲಿ, 1734ರಲ್ಲಿ ಹುಟ್ಟಿ, ಸಾಮ್ರಾಜ್ಞಿ ಮರಿಯಾ ಥೆರೇಸಾಳ ಆಡಳಿತದಲ್ಲಿ ಅಧಿಕಾರಿಯಾಗಿದ್ದವನು. 1769ರಲ್ಲಿ ಆಸ್ಥಾನಕ್ಕೆ ಬಂದಿದ್ದ ಫ್ರೆಂಚ್ ಜಾದೂಗಾರನೊಬ್ಬನ ಆಟ ನೋಡಿ, ಇದಕ್ಕಿಂತ ಬೆರಗಿನದನ್ನು ಮಾಡಿ ತೋರಿಸುತ್ತೇನೆ ಎಂದು ಮಾತು ಕೊಟ್ಟ. ಮರುವರ್ಷ ವಿಯೆನ್ನಾದ ಶೋನ್‌ಬ್ರುನ್ ಅರಮನೆಗೆ ಈ ಪೆಟ್ಟಿಗೆಯನ್ನು ತಂದ. ಉದ್ದ ಸುಮಾರು ಮೂರೂವರೆ ಅಡಿ, ಅಗಲ ಎರಡಡಿ, ಎತ್ತರ ಎರಡೂವರೆ ಅಡಿ. ಬೊಂಬೆಯ ವೇಷದಿಂದಾಗಿ ಜನ ಅದನ್ನು ತುರ್ಕ ಎಂದು ಕರೆದರು. 1783ರಲ್ಲಿ ಅದು ಪ್ಯಾರಿಸ್ಸಿಗೆ ಹೋಯಿತು. ಅಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅದರೊಡನೆ ಆಡಿದ. ಆ ಕಾಲದ ಅತಿ ದೊಡ್ಡ ಆಟಗಾರ ಫಿಲಿಡೋರ್ ಆಡಿ ಗೆದ್ದ. ಕೆಂಪೆಲೆನ್ 1804ರಲ್ಲಿ ತೀರಿಕೊಂಡ ಮೇಲೆ ಯೋಹಾನ್ ಮೆಲ್ಜೆಲ್ ಎಂಬವನು ಅದನ್ನು ಕೊಂಡ. 1809ರಲ್ಲಿ ನೆಪೋಲಿಯನ್ ಅದರೆದುರು ಕುಳಿತ. 1820ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಆಡಿ ಸೋತ. 1826ರಲ್ಲಿ ಅಮೆರಿಕಕ್ಕೆ ಹೋದ ತುರ್ಕ, 1854ರ ಜುಲೈ 5ರಂದು ಫಿಲಡೆಲ್ಫಿಯಾದ ಸಂಗ್ರಹಾಲಯವೊಂದಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಎಂಬತ್ತನಾಲ್ಕು ವರ್ಷದ ಬಾಳು.

ಒಳಗೆ ಮನುಷ್ಯನಿದ್ದ. ಹಿಂಬಾಗಿಲಿನಿಂದ ಮೇಣದಬತ್ತಿ ತೋರಿಸುವಾಗ ಅವನು ಬಲಗಡೆಯ ಖಾನೆಯಲ್ಲಿ ಮುದುಡಿಕೊಂಡಿರುತ್ತಿದ್ದ. ಹಿಂಬಾಗಿಲು ಮುಚ್ಚಿದೊಡನೆ ಜಾರುಪೀಠದ ಮೇಲೆ ಎಡಕ್ಕೆ ಸರಿದು ಗಾಲಿಗಳ ಹಿಂದೆ ಅಡಗುತ್ತಿದ್ದ. ಡ್ರಾಯರ್ ಪೆಟ್ಟಿಗೆಯ ಪೂರ್ತಿ ಆಳಕ್ಕಿದೆ ಎಂದು ತೋರುತ್ತಿದ್ದರೂ ನಿಜದಲ್ಲಿ ಗಿಡ್ಡ. ಅದರ ಹಿಂದಿನ ಜಾಗ ಅವನ ಕಾಲಿಗೆ. ಕಾಯಿಗಳ ಬುಡದಲ್ಲಿ ಅಯಸ್ಕಾಂತ, ಮಣೆಯ ಅಡಿಯಲ್ಲಿ 64 ಮನೆಗಳಿಗೂ ಒಂದೊಂದು ಪುಟ್ಟ ಲೋಹದ ಬಿಲ್ಲೆ. ಎದುರಾಳಿ ಕಾಯಿ ಎತ್ತಿದರೆ ಆ ಮನೆಯ ಬಿಲ್ಲೆ ಕೆಳಗೆ ಜೋಲುತ್ತಿತ್ತು. ಕಾಯಿ ಇಟ್ಟ ಮನೆಯ ಬಿಲ್ಲೆ ಮೇಲಕ್ಕೆ ಅಂಟಿಕೊಳ್ಳುತ್ತಿತ್ತು. ಅದನ್ನು ನೋಡಿ ಒಳಗಿನವನು ತನ್ನ ಮುಂದಿದ್ದ ತೂತುಗಳ ಮಣೆಯಲ್ಲಿ ಆಟ ಮುಂದುವರಿಸಿ, ಸನ್ನೆಕೋಲು ಹಿಡಿದು ಬೊಂಬೆಯ ಕೈ ನಡೆಸುತ್ತಿದ್ದ. ಬೆಳಕಿಗೆ ಒಂದು ಮೇಣದಬತ್ತಿ. ಅದರ ಹೊಗೆ ಬೊಂಬೆಯ ಮುಂಡಾಸಿನಿಂದ ಹೊರಗೆ ಹೋಗುತ್ತಿತ್ತು. ಆ ವಾಸನೆಗೆ ಬೇರೆ ಅರ್ಥ ಬಾರದಿರಲೆಂದು ಪೆಟ್ಟಿಗೆಯ ಬಳಿ ಹೊರಗೂ ದೀಪಗಳನ್ನು ಉರಿಸಿಡುತ್ತಿದ್ದರು.

ಈ ಉಪಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅಯಸ್ಕಾಂತವೂ ಅಲ್ಲ, ಜಾರುಪೀಠವೂ ಅಲ್ಲ. ಕದ ತೆರೆಯುವ ಆ ಕ್ರಮ. ಮೋಸಗಾರ ಪೆಟ್ಟಿಗೆಯನ್ನು ಮುಚ್ಚಿಟ್ಟಿರಲಿಲ್ಲ. ಒಂದೂ ಬಿಡದಂತೆ ಎಲ್ಲ ಕದಗಳನ್ನೂ ತೆರೆದ. ತೆರೆದದ್ದು ತಾನೇ, ತನಗೆ ಬೇಕಾದ ಹೊತ್ತಿಗೆ, ತನಗೆ ಬೇಕಾದ ಸರದಿಯಲ್ಲಿ. ಬಲಗಡೆಯ ಕದವನ್ನು ಮೊದಲು ತೆಗೆ ಎಂದೋ, ಈಗ ಹಿಂಬಾಗಿಲನ್ನು ಇನ್ನೊಮ್ಮೆ ತೆಗೆ ಎಂದೋ ಸಭೆಯಲ್ಲಿ ಒಬ್ಬನಿಗೆ ಹೇಳುವ ಅಧಿಕಾರ ಇದ್ದಿದ್ದರೆ ಅಷ್ಟೊಂದು ವರ್ಷ ಬೇಕಿರಲಿಲ್ಲ, ಒಂದು ನಿಮಿಷ ಸಾಕಿತ್ತು. ತೋರಿಸಿದ್ದನ್ನು ನೋಡಿದವರು ತಾವು ಪರೀಕ್ಷೆ ಮಾಡಿದೆವು ಎಂದುಕೊಂಡು ಮನೆಗೆ ಹೋದರು. ನಮ್ಮ ಕಾಲದ ದೊಡ್ಡ ದೊಡ್ಡ ತಪ್ಪುಗಳು ಕೂಡ ಇದೇ ಗೊಂದಲದಿಂದ ಹುಟ್ಟುತ್ತಿವೆ ಎಂಬುದು ನನ್ನ ವಾದ.

ನಮ್ಮ ಕರಾವಳಿಯ ಅವರ್ಸಾದಲ್ಲಾಗಲಿ ಅಂಕೋಲೆ ಪೇಟೆಯಲ್ಲಾಗಲಿ ಮೀನು ಕೊಳ್ಳುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಜೋಡಿಸಿಟ್ಟ ಬಂಗಡೆ ನೋಡಿ ಯಾರೂ ದರ ಒಪ್ಪುವುದಿಲ್ಲ. ಬುಟ್ಟಿಯ ತಳಕ್ಕೆ ಕೈ ಹಾಕಿ ತಾವೇ ಒಂದನ್ನು ಎತ್ತಿ, ಕಿವಿರು ಬಿಡಿಸಿ, ಒಳಗೆ ಕೆಂಪಿದೆಯೋ ಕಂದಿದೆಯೋ ನೋಡಿ, ಹೊಟ್ಟೆಯನ್ನು ಬೆರಳಿಂದ ಒತ್ತಿ ಆಮೇಲೆ ಮಾತು. ಯಾವ ಮೀನನ್ನು ಎತ್ತಬೇಕೆಂದು ಆರಿಸುವವರು ಕೊಳ್ಳುವವರು. ಮಾರುವ ಹೆಂಗಸಿಗೂ ಅದು ಅವಮಾನ ಅನ್ನಿಸುವುದಿಲ್ಲ. ನೂರು ರೂಪಾಯಿಯ ಮೀನಿಗೆ ನಾವು ಇಟ್ಟುಕೊಂಡ ಈ ನಿಯಮವನ್ನು ಸಾವಿರಾರು ಕೋಟಿಯ ವಿಷಯ ಬಂದಾಗ ಕೈಬಿಡುತ್ತೇವೆ.

ತುರ್ಕನನ್ನು ಎಲ್ಲರೂ ನಂಬಿದ್ದರು ಎಂದು ತಿಳಿಯಬಾರದು. ಸಂಶಯಪಟ್ಟವರು ಮೊದಲಿನಿಂದಲೂ ಇದ್ದರು. 1784ರಲ್ಲೇ ಫಿಲಿಪ್ ಥಿಕ್‌ನೆಸ್ ಎಂಬ ಇಂಗ್ಲಿಷ್ ಲೇಖಕ ಒಳಗೆ ಮಗುವೊಂದು ಅಡಗಿದೆ ಎಂದು ಬರೆದ. 1789ರಲ್ಲಿ ಜರ್ಮನಿಯ ರಾಕ್‌ನಿಟ್ಸ್ ಮಾದರಿ ಮಾಡಿ, ಚಿತ್ರ ಬರೆಸಿ, ಡ್ರಾಯರಿನ ಹಿಂದೆ ಮನುಷ್ಯ ಮಲಗಿರುತ್ತಾನೆ ಎಂದು ವಿವರಿಸಿದ. ಸಂಶಯಪಟ್ಟ ಇನ್ನಿಬ್ಬರನ್ನು ಮಾತ್ರ ಇಲ್ಲಿ ಹತ್ತಿರದಿಂದ ನೋಡಬೇಕೆನಿಸುತ್ತದೆ. ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದರು; ಆದರೆ ಬಂದ ದಾರಿಗಳು ಬೇರೆ, ಆ ದಾರಿಗಳ ಬೆಲೆಯೂ ಬೇರೆ.

ಒಬ್ಬ ಎಡ್ಗರ್ ಅಲನ್ ಪೋ. 1836ರಲ್ಲಿ ರಿಚ್ಮಂಡಿನ ಪತ್ರಿಕೆಯೊಂದರಲ್ಲಿ ಬರೆದ ಅವನ ಲೇಖನ ಇಂದಿಗೂ ಪ್ರಸಿದ್ಧ. ಮೆಲ್ಜೆಲ್‌ನ ಜೊತೆಗಿದ್ದ ಷ್ಲುಂಬರ್ಗರ್ ಎಂಬ ವ್ಯಕ್ತಿ ಆಟದ ಹೊತ್ತಿಗೆ ಎಲ್ಲೂ ಕಾಣುವುದಿಲ್ಲ, ಅವನಿಗೆ ಕಾಯಿಲೆಯಾದಾಗ ಪ್ರದರ್ಶನವೂ ನಿಂತಿತ್ತು ಎಂದು ಪೋ ಗಮನಿಸಿದ್ದ. ಇದು ಒಳ್ಳೆಯ ಪತ್ತೇದಾರಿ. ಆದರೆ ಅವನು ಮುಂದೊತ್ತಿದ ವಾದಗಳಲ್ಲಿ ಒಂದು ಹೀಗಿದೆ: ನಿಜವಾದ ಯಂತ್ರವಾಗಿದ್ದರೆ ಅದು ಪ್ರತಿ ಸಲವೂ ಗೆಲ್ಲಬೇಕಿತ್ತು; ತುರ್ಕ ಆಗಾಗ ಸೋಲುತ್ತದೆ; ಆದ್ದರಿಂದ ಅದು ಯಂತ್ರವಲ್ಲ. ಈ ತರ್ಕ ಪೂರ್ತಿ ತಪ್ಪು. ಸೋಲುವ ಯಂತ್ರಗಳನ್ನು ಇಪ್ಪತ್ತನೆಯ ಶತಮಾನ ಬೇಕಾದಷ್ಟು ಕಂಡಿತು. ಚದುರಂಗವನ್ನು ಯಂತ್ರ ಆಡಲಾರದು ಎಂಬ, ಆ ಕಾಲದ ಬಹುಮಂದಿ ಗಟ್ಟಿಯಾಗಿ ಹಿಡಿದಿದ್ದ ನಂಬಿಕೆಯೂ ಸುಳ್ಳಾಯಿತು.

ಇನ್ನೊಬ್ಬ ರಾಬರ್ಟ್ ವಿಲ್ಲಿಸ್, ಮುಂದೆ ಕೇಂಬ್ರಿಜ್‌ನಲ್ಲಿ ಯಂತ್ರಶಾಸ್ತ್ರ ಕಲಿಸಿದವನು. 1821ರಲ್ಲಿ ಅವನು ಪ್ರಕಟಿಸಿದ ಪುಸ್ತಿಕೆಯಲ್ಲಿ ಎರಡು ಕೆಲಸ ಮಾಡಿದ. ಪೆಟ್ಟಿಗೆಯ ಅಳತೆ ಲೆಕ್ಕಹಾಕಿ, ದೊಡ್ಡಾಳೊಬ್ಬ ಅಡಗಲು ಬೇಕಾದಷ್ಟು ಜಾಗ ಅಲ್ಲಿದೆ, ಕದಗಳನ್ನು ತೆರೆಯುವ ಕ್ರಮವೇ ಅವನಿಗೆ ಸರಿದಾಡಲು ಅವಕಾಶ ಕೊಡುತ್ತದೆ ಎಂದು ತೋರಿಸಿದ. ಇನ್ನೊಂದು, ಕೀಲಿ ಎಣಿಸಿದ. ಸುರುಳಿ ಬಿಚ್ಚಿ ನಡೆಯುವ ಯಂತ್ರಕ್ಕೆ ಇಷ್ಟು ಚಲನೆಗೆ ಇಷ್ಟು ಕೀಲಿ ಎಂಬ ಲೆಕ್ಕ ಇರಲೇಬೇಕು. ತುರ್ಕ ಒಮ್ಮೆ ಕೀಲಿಯೇ ಕೊಡದೆ ಅರುವತ್ತಕ್ಕೂ ಹೆಚ್ಚು ನಡೆಗಳನ್ನು ನಡೆಸಿತ್ತು. ಇನ್ನೊಮ್ಮೆ ಒಂದೂ ನಡೆ ನಡೆಸದಿದ್ದರೂ ಕೀಲಿ ಕೊಟ್ಟಿದ್ದರು. ಹಾಗಾದರೆ ಕೀಲಿಗೂ ಕೈಗೂ ಸಂಬಂಧವಿಲ್ಲ. ಒಳಗಿನವನು ಕೂರುವ ಭಂಗಿಯ ಬಗ್ಗೆ ವಿಲ್ಲಿಸ್‌ನ ಊಹೆ ತಪ್ಪಿತ್ತು ಎಂದು ಆಮೇಲೆ ತಿಳಿಯಿತು. ಯಂತ್ರ ವಿಚಾರ ಮಾಡಲಾರದು ಎಂದು ಅವನೂ ನಂಬಿದ್ದ. ಆದರೂ ಅವನ ಪುಸ್ತಿಕೆ ಇಂದಿಗೂ ನಿಲ್ಲುತ್ತದೆ, ಏಕೆಂದರೆ ಅದರ ಭಾರವನ್ನು ಹೊತ್ತಿರುವುದು ಅಳತೆ ಮತ್ತು ಎಣಿಕೆ.

ವೈಚಾರಿಕತೆಯ ಹೆಸರಿನಲ್ಲಿ ನಾವು ಬಹಳ ಸಲ ಪೋ ಮಾಡಿದ ತಪ್ಪನ್ನೇ ಮಾಡುತ್ತೇವೆ. ಇಂಥದ್ದು ಆಗಲು ಸಾಧ್ಯವೇ ಇಲ್ಲ ಎನ್ನುವುದರಲ್ಲಿ ಬುದ್ಧಿವಂತಿಕೆ ಇದೆ ಎಂದು ಭಾವಿಸುತ್ತೇವೆ. ನಾಳೆ ಅದು ಸಾಧ್ಯವಾದಾಗ ನಮ್ಮ ಸಂಶಯಕ್ಕೂ ಬೆಲೆ ಹೋಗುತ್ತದೆ. ಜಗತ್ತಿನಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬ ದೊಡ್ಡ ತೀರ್ಪು ಸಂಶಯಪಡುವವನಿಗೆ ಬೇಕಿಲ್ಲ. ಈ ಪೆಟ್ಟಿಗೆ, ಈ ಹೊತ್ತು, ಈ ಕೀಲಿ ಎಂದು ಕೇಳಿದರೆ ಸಾಕು.

ಗುಟ್ಟು ರಟ್ಟಾದಾಗಲೂ ಏನಾಯಿತೆಂಬುದನ್ನು ನೋಡಬೇಕು. 1827ರಲ್ಲಿ ಬಾಲ್ಟಿಮೋರಿನಲ್ಲಿ ಇಬ್ಬರು ಹುಡುಗರು ಮಾಡಿನ ಮೇಲೆ ಹತ್ತಿ ಕೂತು, ಪ್ರದರ್ಶನ ಮುಗಿದ ಮೇಲೆ ಪೆಟ್ಟಿಗೆಯೊಳಗಿಂದ ಷ್ಲುಂಬರ್ಗರ್ ಎದ್ದು ಬರುವುದನ್ನು ಕಂಡರು. ಊರಿನ ಪತ್ರಿಕೆಯಲ್ಲಿ ಸುದ್ದಿಯೂ ಬಂತು. ವಾಷಿಂಗ್ಟನ್ನಿನ ಪತ್ರಿಕೆಯೊಂದು, ಇದು ಪ್ರಚಾರಕ್ಕಾಗಿ ಮೆಲ್ಜೆಲ್ ತಾನೇ ಹಬ್ಬಿಸಿದ ಕಥೆಯಿರಬೇಕು ಎಂದಿತು. ಪ್ರದರ್ಶನ ಮುಂದುವರಿಯಿತು. 1834ರಲ್ಲಿ ಪ್ಯಾರಿಸ್ಸಿನಲ್ಲಿ, ಹಿಂದೆ ಪೆಟ್ಟಿಗೆಯೊಳಗೆ ಕೂತು ಆಡಿದ್ದ ಮೂರೆ ಎಂಬ ಆಟಗಾರನೇ ಗುಟ್ಟನ್ನು ಪತ್ರಿಕೆಗೆ ಮಾರಿದ. ಎರಡು ವರ್ಷದ ಮೇಲೂ ಪೋ ಊಹಿಸುತ್ತಲೇ ಇದ್ದ. ಕಣ್ಣಾರೆ ಕಂಡ ಸಾಕ್ಷಿಗಿಂತ ವೇದಿಕೆಯ ಮೇಲಿನ ಅಚ್ಚುಕಟ್ಟಿನ ಪ್ರದರ್ಶನಕ್ಕೇ ಹೆಚ್ಚು ಬೆಲೆ ಬಂದಿತ್ತು. ಮಾಡಿನ ಮೇಲೆ ಕೂತ ಹುಡುಗರ ಮಾತನ್ನು ಯಾರು ಕೇಳುತ್ತಾರೆ?

ಕೆಂಪೆಲೆನ್‌ಗೆ ನ್ಯಾಯ ಸಲ್ಲಿಸಿಯೇ ಮುಂದೆ ಹೋಗಬೇಕು. ತುರ್ಕನನ್ನು ಅವನು ದೊಡ್ಡ ಸಾಧನೆಯೆಂದು ಹೇಳಿಕೊಂಡವನಲ್ಲ. ನಡುವೆ ಅದನ್ನು ಬಿಚ್ಚಿಟ್ಟೂ ಇದ್ದ. ಚಕ್ರವರ್ತಿ ಎರಡನೇ ಜೋಸೆಫ್ ರಷ್ಯದ ಅತಿಥಿಗಳಿಗೆ ತೋರಿಸಲು 1781ರಲ್ಲಿ ಅಪ್ಪಣೆ ಮಾಡಿದ್ದರಿಂದ ಮತ್ತೆ ಜೋಡಿಸಬೇಕಾಯಿತು. ಅವನ ಮನಸ್ಸಿದ್ದದ್ದು ಮಾತನಾಡುವ ಯಂತ್ರದಲ್ಲಿ. ತಿದಿ, ನಾಲಿಗೆಪಟ್ಟಿ, ಬಾಯಿಯಂಥ ಕೊಳವೆ ಸೇರಿಸಿ ಅದರಿಂದ ಪದಗಳನ್ನು ನುಡಿಸಿದ. ಮನುಷ್ಯನ ಮಾತು ಹುಟ್ಟುವ ಬಗೆಯ ಮೇಲೆ 1791ರಲ್ಲಿ ಚಿತ್ರಗಳ ಸಹಿತ ದೊಡ್ಡ ಪುಸ್ತಕ ಬರೆದು ಆ ಯಂತ್ರದ ಒಳಗನ್ನೆಲ್ಲ ಬಿಡಿಸಿಟ್ಟ. ಓದಿದವರು ತಾವೂ ಕಟ್ಟಬಹುದಿತ್ತು, ಕಟ್ಟಿದರು ಕೂಡ. ಒಬ್ಬನೇ ಮನುಷ್ಯ, ಒಂದೇ ಕೈಚಳಕ. ಒಂದರ ಒಳಗನ್ನು ಬಚ್ಚಿಟ್ಟ, ಇನ್ನೊಂದರ ಒಳಗನ್ನು ಬರೆದಿಟ್ಟ. ಧ್ವನಿಶಾಸ್ತ್ರದಲ್ಲಿ ಅವನ ಹೆಸರು ಉಳಿದಿರುವುದು ಬರೆದಿಟ್ಟದ್ದಕ್ಕೆ.

ಅದೇ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲೂ ಒಂದು ಯಂತ್ರವಿತ್ತು. ಟಿಪ್ಪುವಿನ ಹುಲಿ: ಬಿದ್ದ ಐರೋಪ್ಯ ಸಿಪಾಯಿಯ ಮೇಲೆರಗಿದ, ಹೆಚ್ಚುಕಡಿಮೆ ನಿಜಗಾತ್ರದ ಮರದ ಹುಲಿ. ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತದೆ, ಅವನ ಗಂಟಲಿಂದ ನರಳಾಟ, ಹುಲಿಯಿಂದ ಗುರುಗುಟ್ಟು. ಪಕ್ಕೆಯ ಮುಚ್ಚಳ ತೆಗೆದರೆ ಸಣ್ಣ ಆರ್ಗನ್ನಿನ ಮನೆಗಳು. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಹೊತ್ತೊಯ್ದು 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿಟ್ಟರು. ಬ್ಯಾಬೇಜ್ ತುರ್ಕನ ಮುಂದೆ ಸೋತ ವರ್ಷ ಈ ಹುಲಿಯೂ ಅದೇ ಊರಿನಲ್ಲಿತ್ತು. ಹುಲಿ ವಿಚಾರ ಮಾಡುತ್ತದೆ ಎಂದು ಯಾರೂ ಹೇಳಿಕೊಂಡಿರಲಿಲ್ಲ. ತಿದಿಯಲ್ಲಿ ಎಷ್ಟು ಗಾಳಿಯೋ ಅಷ್ಟು ಸದ್ದು, ಅಷ್ಟೇ.

ಹುಲಿಯಿದ್ದ ಕೋಟೆ ಬಿದ್ದ ವರ್ಷವೇ ಮೈಸೂರಿನ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿ ಮುಳುಗಿದ್ದವರು. ಕುದುರೆಯನ್ನು ಅದರ ನಡೆಯಲ್ಲೇ 64 ಮನೆಗಳಿಗೂ, ಯಾವ ಮನೆಗೂ ಎರಡನೇ ಸಲ ಕಾಲಿಡದಂತೆ, ನಡೆಸುವ ಬಂಧಗಳನ್ನು ಅವರು ರಚಿಸಿದರು. ತುರ್ಕನ ಪ್ರದರ್ಶನದಲ್ಲೂ ಇದೇ ಕುದುರೆಯಾಟ ಒಂದು ಮುಖ್ಯ ಆಕರ್ಷಣೆಯಾಗಿತ್ತು: ಪ್ರೇಕ್ಷಕರು ಹೇಳಿದ ಮನೆಯಿಂದ ಬೊಂಬೆ ಕುದುರೆಯನ್ನು ಹೊರಡಿಸಿ ಮಣೆಯನ್ನೆಲ್ಲ ಸುತ್ತಿಸುತ್ತಿತ್ತು. ವಿಯೆನ್ನಾದಲ್ಲಿ ಇದು ಪೆಟ್ಟಿಗೆಯ ಪವಾಡ, ಮೈಸೂರಿನಲ್ಲಿ ಬರೆದಿಟ್ಟ ಅಂಕಿಗಳ ಚೌಕ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ತನ್ನ ಅಲಂಕಾರ ಗ್ರಂಥದಲ್ಲೇ ಅರ್ಧ ಮಣೆಗೆ ಇಂಥ ತುರಗಬಂಧ ಕೊಟ್ಟಿದ್ದಾನೆ. ಒಡೆಯರ ಬಂಧ ಸರಿಯೋ ತಪ್ಪೋ ಎಂದು ತಿಳಿಯಲು ಅರಸರ ಮಾತನ್ನು ನಂಬಬೇಕಿಲ್ಲ. ಅಂಕಿಗಳ ಹಿಂದೆ ಕುದುರೆಯನ್ನು ನಡೆಸುತ್ತಾ ಹೋದರೆ ಹತ್ತು ವರ್ಷದ ಮಗುವೂ ಹೇಳಬಲ್ಲದು. ಅರಮನೆಯಿಂದ ಬಂದರೂ ಯಾರ ಕೈಯಲ್ಲೂ ಪರೀಕ್ಷೆಗೆ ಒಡ್ಡಿಕೊಳ್ಳುವ ಇಂಥ ಜ್ಞಾನಕ್ಕೆ ನನ್ನ ಗೌರವ ದೊಡ್ಡದು.

ಆದರೆ ಪರೀಕ್ಷೆಯ ಷರತ್ತು ಯಾರದ್ದಾಗಿರಬೇಕು ಎಂಬ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ಕೇಳಿದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿ, ಭೌತಶಾಸ್ತ್ರ ಕಲಿತು, ಬಸವನಗುಡಿಯ ನ್ಯಾಷನಲ್ ಕಾಲೇಜನ್ನು ಬೆಳೆಸಿದ ಎಚ್ಚೆನ್ ಅವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರದ ಮೇಲೆ ಪತ್ರ ಬರೆದು, ಸಮಿತಿಯೆದುರು, ಸಮಿತಿ ಹೇಳುವ ಷರತ್ತುಗಳ ಮೇಲೆ ಪವಾಡ ನಡೆಸಿಕೊಡಿ ಎಂದು ಕೇಳಿದರು. ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ಎಂದು ಎಚ್ಚೆನ್ ಹೇಳಿದ್ದು ನಾಡಿನಲ್ಲೆಲ್ಲ ಮನೆಮಾತಾಯಿತು.

ಆ ಕುಂಬಳಕಾಯಿಯನ್ನು ಬಹಳ ಜನ ತಮಾಷೆಯೆಂದುಕೊಂಡರು. ನನಗೆ ಅದು ಕನ್ನಡದಲ್ಲಿ ನಡೆದ ವೈಜ್ಞಾನಿಕ ಚಿಂತನೆಯ ಅತ್ಯಂತ ಚೊಕ್ಕ ಉದಾಹರಣೆಯಾಗಿ ಕಾಣುತ್ತದೆ. ಉಂಗುರ ಬೆರಳ ಸಂದಿಯಲ್ಲಿ ಅಡಗುತ್ತದೆ, ವಿಭೂತಿ ತೋಳಿನಲ್ಲಿ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಶೂನ್ಯದಿಂದ ವಸ್ತು ಬರುವುದೇ ಆದರೆ ಗಾತ್ರ ದೊಡ್ಡದಾದದ್ದಕ್ಕೆ ಕಷ್ಟವಾಗಬಾರದು. ಹಸ್ತಲಾಘವವಾಗಿದ್ದರೆ ಮಾತ್ರ ಕಷ್ಟ. ಎರಡು ವಿವರಣೆಗಳಲ್ಲಿ ಯಾವುದು ನಿಜ ಎಂದು ಬೇರ್ಪಡಿಸುವ ವಸ್ತುವನ್ನೇ ಅವರು ಆರಿಸಿದರು. ಯಾವ ಕದ ಮೊದಲು ತೆರೆಯಬೇಕು ಎಂದು ಪ್ರೇಕ್ಷಕರ ಸಾಲಿನಿಂದ ಎದ್ದು ನಿಂತು ಹೇಳಿದಂತಾಯಿತು. ಅದೇ ವರ್ಷ ಸಮಿತಿಯವರು ಪಾಂಡವಪುರಕ್ಕೆ ಹೋಗಿ, ವಿಭೂತಿ ಸುರಿಸುತ್ತಾನೆ ಎಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಪರೀಕ್ಷಿಸಿದಾಗ ವಿಭೂತಿಯನ್ನು ಉಡುಪಿನೊಳಗೆ ಅಡಗಿಸಿಟ್ಟಿದ್ದು ಬಯಲಾಯಿತು. ಅಲ್ಲಿ ದೊಡ್ಡ ತತ್ವಚರ್ಚೆ ನಡೆಯಲಿಲ್ಲ. ಅಂಗಿಯನ್ನು ತಪಾಸಣೆ ಮಾಡಿದರು.

ಎಚ್ಚೆನ್ ಅವರ ಮೇಲೆ ಆಗ ಬಂದ ಮುಖ್ಯ ಆಕ್ಷೇಪ, ಆಧ್ಯಾತ್ಮವನ್ನು ವಿಜ್ಞಾನದಿಂದ ಅಳೆಯಲು ಹೊರಟಿದ್ದಾರೆ ಎಂಬುದು. ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಬ್ಬರ ಭಕ್ತಿ, ಧ್ಯಾನ, ಮನಸ್ಸಿನ ಶಾಂತಿ ಸಮಿತಿಯ ಮೇಜಿನ ಮೇಲೆ ಇಡುವ ವಸ್ತುಗಳಲ್ಲ. ಆದರೆ ಸಮಿತಿ ಕೇಳಿದ್ದು ಅವನ್ನಲ್ಲ. ಕೈಯಲ್ಲಿ ಇಲ್ಲದ ವಸ್ತು ಕೈಗೆ ಬಂತು ಎಂಬುದು ವಸ್ತುವಿನ ಬಗೆಗಿನ ಮಾತು. ಆ ಮಾತನ್ನು ಸಭೆಯ ಮುಂದೆ ಆಡಿದ ಮೇಲೆ ಸಭೆಗೆ ಕೇಳುವ ಹಕ್ಕು ಹುಟ್ಟುತ್ತದೆ. ಉಪ್ಪಿನಕುದ್ರಿನ ಕಾಮತ ಮನೆತನದವರ ಬೊಂಬೆಯಾಟದಲ್ಲಿ ಕಪ್ಪು ಪರದೆಯ ಹಿಂದೆ ಸೂತ್ರ ಹಿಡಿದವರಿದ್ದಾರೆಂದು ಎಲ್ಲರಿಗೂ ಗೊತ್ತು. ಅಲ್ಲಿ ಪರದೆ ಎಳೆದು ನೋಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಬೊಂಬೆ ತಾನಾಗಿಯೇ ಕುಣಿಯುತ್ತದೆ ಎಂದು ಹೇಳಿ ಹಣ ಎತ್ತಿದ್ದರೆ ಮಾತು ಬೇರೆಯಾಗುತ್ತಿತ್ತು. ಸಮಿತಿ 1977ರಲ್ಲಿ ಮುಗಿದುಹೋಯಿತು. ಎಚ್ಚೆನ್ 2005ರಲ್ಲಿ ತೀರಿಕೊಂಡರು.

ಪರೀಕ್ಷೆಗೆ ಒಡ್ಡದಿದ್ದರೆ ಸುಳ್ಳು ಬದುಕುತ್ತದೆ ಎಂಬುದು ಒಂದು ಮುಖ. ನಿಜವೂ ಸುಳ್ಳಿನಂತೆ ಕಾಣತೊಡಗುತ್ತದೆ ಎಂಬುದು ಇನ್ನೊಂದು. 1997ರ ಮೇ ತಿಂಗಳಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿತು. ಎರಡನೆಯ ಆಟದ ಕೆಲವು ನಡೆಗಳನ್ನು ನೋಡಿ ಕಾಸ್ಪರೋವ್‌ಗೆ ಒಳಗೆ ಮನುಷ್ಯನ ಕೈಯಿದೆ ಎಂಬ ಸಂಶಯ ಬಂತು. ಯಂತ್ರ ಹೇಗೆ ಲೆಕ್ಕ ಹಾಕಿತು ಎಂಬ ದಾಖಲೆ ಕೊಡಿ ಎಂದರು. ಕಂಪನಿ ಆಗ ಕೊಡಲಿಲ್ಲ, ಮರುಪಂದ್ಯಕ್ಕೂ ಒಪ್ಪಲಿಲ್ಲ, ಯಂತ್ರವನ್ನು ಬಿಚ್ಚಿಟ್ಟಿತು. ದಾಖಲೆಗಳನ್ನು ಆಮೇಲೆ ಪ್ರಕಟಿಸಿತು. ಒಳಗೆ ಯಾರೂ ಇರಲಿಲ್ಲ, ಗೆಲುವು ನಿಜವಾದದ್ದೇ. ಆದರೂ ಕೇಳಿದ ಹೊತ್ತಿಗೆ ಕದ ತೆರೆಯದ ಕಾರಣ ಆ ಗೆಲುವಿಗೆ ಅಂಟಿದ ಅನುಮಾನ ವರ್ಷಗಟ್ಟಲೆ ಉಳಿಯಿತು. ಇದಕ್ಕೆ ಎದುರಾಗಿ ಸ್ಪೇನಿನ ಎಂಜಿನಿಯರ್ ತೋರೆಸ್ ಕೆವೆದೊ 1912ರಲ್ಲಿ ಮಾಡಿದ ಯಂತ್ರವನ್ನು ಇಟ್ಟು ನೋಡಿ. ರಾಜ ಮತ್ತು ಆನೆ ಸೇರಿ ಒಂಟಿ ರಾಜನಿಗೆ ಮಾತ್ ಕೊಡುವುದು, ಇಷ್ಟೇ ಅದಕ್ಕೆ ಬರುತ್ತಿದ್ದ ವಿದ್ಯೆ. ಇಷ್ಟೇ ಬರುತ್ತದೆ ಎಂದು ಹೇಳಿಯೇ ತೋರಿಸಿದ. ನಿಜವಾಗಿ ಚದುರಂಗ ಆಡಿದ ಮೊದಲ ಯಂತ್ರ ಅದು.

ಇಂದು ಕೃತಕ ಬುದ್ಧಿಮತ್ತೆಯ ವೇದಿಕೆಗಳ ಮೇಲೆ ದಿನಕ್ಕೊಂದು ಪೆಟ್ಟಿಗೆ ಬರುತ್ತಿದೆ. ಇವೆಲ್ಲ ತುರ್ಕನಂತೆ ಬರೀ ಮೋಸ ಎಂದರೆ ಪೋ ಬಿದ್ದ ಹೊಂಡಕ್ಕೇ ನಾವೂ ಬೀಳುತ್ತೇವೆ. ಯಂತ್ರಗಳು ನಿಜಕ್ಕೂ ಬಹಳಷ್ಟನ್ನು ಮಾಡುತ್ತಿವೆ. ಆದರೆ ಒಳಗೆ ಮನುಷ್ಯರೂ ಇದ್ದಾರೆ. ಚಿತ್ರಗಳಿಗೆ ಗುರುತು ಹಚ್ಚುವವರು, ತಪ್ಪು ಉತ್ತರ ತಿದ್ದುವವರು, ಹೊಲಸನ್ನು ನೋಡಿ ನೋಡಿ ಬೇರ್ಪಡಿಸುವವರು. ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಇದು ಈಗ ಮಾಮೂಲಿ ನೌಕರಿ. ಅಮೆಜಾನ್ ಕಂಪನಿ 2005ರಲ್ಲಿ ಇಂಥ ಬಿಡಿ ಕೂಲಿಯ ತಾಣ ತೆರೆದಾಗ ಅದಕ್ಕೆ ತುರ್ಕನ ಹೆಸರನ್ನೇ ಇಟ್ಟಿತು. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಗಾಗಿ ಚಾಮರಾಜನಗರ ಕಡೆಯ ಹಳ್ಳಿಯ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಮುದ್ರಿಸಿ ಸಂಭಾವನೆ ಪಡೆದಿದ್ದಾರೆ. ಯಂತ್ರಕ್ಕೆ ಕನ್ನಡ ಬಂದದ್ದು ಇಂಥವರ ಗಂಟಲಿನಿಂದ. ತುರ್ಕನೊಳಗೆ ಕೂತ ಷ್ಲುಂಬರ್ಗರ್ ಪ್ಯಾರಿಸ್ಸಿನಲ್ಲಿ ಹೆಸರಿದ್ದ ಆಟಗಾರ. ಗೆದ್ದ ಆಟಗಳೆಲ್ಲ ಬೊಂಬೆಯ ಲೆಕ್ಕಕ್ಕೆ ಹೋದವು. 1838ರಲ್ಲಿ ಹವಾನಾದಲ್ಲಿ ಹಳದಿ ಜ್ವರ ಬಂದು ಸತ್ತ. ಅಲ್ಲಿಂದ ಮರಳುವಾಗ ಮೆಲ್ಜೆಲ್ ಹಡಗಿನಲ್ಲೇ ಸತ್ತ. ಆಡುವವನಿಲ್ಲದ ಮೇಲೆ ಪೆಟ್ಟಿಗೆ ಸುಮ್ಮನಾಯಿತು.

ಇನ್ನು ನಮ್ಮ ಜಿಲ್ಲೆಯ ಮಾತು. ಕಾರವಾರ, ಅಂಕೋಲಾ ತಾಲ್ಲೂಕುಗಳಷ್ಟು ಯೋಜನೆಗಳನ್ನು ಹೊತ್ತ ಸೀಮೆ ಕರ್ನಾಟಕದಲ್ಲಿ ಕಡಿಮೆ. ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ, ನಮ್ಮ ಊರುಗಳ ನಡುವೆಯೇ ಹಾದುಹೋದ ನಾಲ್ಕು ಪಥದ ಹೆದ್ದಾರಿ. ದೊಡ್ಡ ಯೋಜನೆಗಳಿಗೆ 2006ರ ಸೆಪ್ಟೆಂಬರಿನ ಕೇಂದ್ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ವರದಿ ತಯಾರಾಗಬೇಕು, ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವರದಿ ಬರೆಯುವ ಸಲಹಾ ಸಂಸ್ಥೆಯನ್ನು ಆರಿಸುವವರು ಯಾರು? ಯೋಜನೆಯವರು. ಶುಲ್ಕ ಕೊಡುವವರು? ಅವರೇ. ನಮ್ಮ ಭಾಷೆಯಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ಪೂರ್ಣ ವರದಿ ಇಂಗ್ಲಿಷಿನಲ್ಲಿ ಕಚೇರಿಗಳಲ್ಲಿ ನೋಡಲು ಸಿಗುತ್ತದೆ. ಸಭೆಗೆ ಮುನ್ನ ಮೂವತ್ತು ದಿನದ ಸೂಚನೆ. ಬಿಳಿ ಶಾಮಿಯಾನ, ಮೈಕು, ಪರದೆಯ ಮೇಲೆ ನಕ್ಷೆಗಳು ಒಂದರ ಹಿಂದೊಂದು. ಎಲ್ಲ ಕದಗಳೂ ತೆರೆಯುತ್ತವೆ, ಯೋಜನೆಯವರ ಸರದಿಯಲ್ಲಿ.

ವರದಿಗಳೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದನ್ನು ತಿಳಿಯುವ ಸಾಧನವನ್ನೇ ನಮ್ಮ ಕೈಗೆ ಕೊಟ್ಟಿಲ್ಲ ಎನ್ನುತ್ತಿದ್ದೇನೆ. ಕೈಗಾದ ಒಂದನೇ ಘಟಕ ಕಟ್ಟುತ್ತಿದ್ದಾಗ, 1994ರ ಮೇ 13ರಂದು, ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ರಿಯಾಕ್ಟರ್ ಆಗಿನ್ನೂ ಶುರುವಾಗಿರಲಿಲ್ಲ ಎಂಬುದು ನಮ್ಮ ಪುಣ್ಯ. ಸ್ಥಾವರ ಕಟ್ಟುವವರೂ, ಅದರ ಸುರಕ್ಷತೆ ನೋಡಬೇಕಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ ಒಂದೇ ಇಲಾಖೆಯ ನೆರಳಿನಲ್ಲಿದ್ದ ಕಾಲ ಅದು. ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಎಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿತು. ತಲಾ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಅಹವಾಲು ಸಭೆ ನಡೆದಾಗಲೂ ಜನರ ಕೈಯಲ್ಲಿದ್ದದ್ದು ಯೋಜನೆಯವರ ಅಂಕಿಗಳೇ. ಆ ಅಂಕಿಗಳು ಸರಿಯಾಗಿಯೇ ಇರಬಹುದು. ಹಾಗಿದ್ದರೆ ಬೇರೆಯವರು ಅಳೆದರೂ ಅವೇ ಬರುತ್ತವೆ. ಅಳೆಯಲು ಬಿಡುವುದರಲ್ಲಿ ಯಾರಿಗೂ ನಷ್ಟವಿಲ್ಲ.

ಬದಲಾಗಬೇಕಾದದ್ದು ದೊಡ್ಡದೇನಲ್ಲ. ವರದಿಯ ಶುಲ್ಕವನ್ನು ಯೋಜನೆಯವರು ಸರ್ಕಾರದ ನಿಧಿಗೆ ಕಟ್ಟಲಿ. ಬರೆಯುವವರನ್ನು ಅವರಿಗೆ ಸಂಬಂಧವಿಲ್ಲದ ಸಮಿತಿ ಆರಿಸಲಿ. ಪೂರ್ಣ ವರದಿ ಕನ್ನಡದಲ್ಲಿ ಬರಲಿ. ನೀರು, ಮೀನು, ಗಾಳಿಯ ಮೂಲ ಅಳತೆಗಳು, ಯಾವ ದಿನ ಯಾವ ಜಾಗದಲ್ಲಿ ತೆಗೆದದ್ದು ಎಂಬ ವಿವರದೊಡನೆ, ಗ್ರಾಮ ಪಂಚಾಯತಿಗೆ ಸಿಗಲಿ. ಅವುಗಳಲ್ಲಿ ತಮಗೆ ಬೇಕಾದ ಒಂದಿಷ್ಟು ಜಾಗಗಳನ್ನು ಊರವರೇ ಆರಿಸಿ, ಊರವರ ಎದುರಿಗೇ ಮತ್ತೆ ಅಳೆಯಿಸುವ ಹಕ್ಕಿರಲಿ. ಕಾನೂನು ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಅಹವಾಲು ಸಭೆಯಲ್ಲಿ ಎದ್ದು ನಿಂತು ಹೇಳಿದ ಮಾತನ್ನು ನಡಾವಳಿಯಲ್ಲಿ ದಾಖಲಿಸಲೇಬೇಕು, ಸಭೆ ಮುಗಿಯುವಾಗ ಓದಿ ಹೇಳಲೇಬೇಕು ಎಂಬ ನಿಯಮ ಈಗಲೂ ಇದೆ. ಅಂಕೋಲೆಯಲ್ಲೋ ಕಾರವಾರದಲ್ಲೋ ಮುಂದಿನ ಸಭೆ ಕರೆದಾಗ ದಯವಿಟ್ಟು ಹೋಗಿ. ಪರದೆಯ ಮೇಲಿನ ಚಿತ್ರ ಮುಗಿದ ಮೇಲೆ ಎದ್ದು, ಈ ಅಳತೆಯನ್ನು ನಮ್ಮೂರಿನ ಈ ಜಾಗದಲ್ಲಿ, ನಾವು ಹೇಳುವ ದಿನ ಮತ್ತೆ ತೆಗೆದು ತೋರಿಸಿ ಎಂದು ಕೇಳಿ. ಕೇಳಿದ್ದು ನಡಾವಳಿಯಲ್ಲಿ ಬಂದಿದೆಯೇ ಎಂದು ನೋಡಿಕೊಂಡೇ ಮನೆಗೆ ಬನ್ನಿ.